ಕ್ಲಚ್ ಬಿಟ್ಟರೆ ನಿಲ್ಲುವ ಇಂಜಿನ್: ಕೊಡಗಿನ ರಸ್ತೆಗೆ ಸ್ಟಾರ್ಟ್-ಸ್ಟಾಪ್ ಒಗ್ಗುತ್ತದಾ?

"ಡಾಕ್ಟ್ರೇ, ನಿಮ್ಮ ಕಾರು ನಿಂತಲ್ಲೇ ಆಫ್ ಆಗ್ತದಲ್ಲ, ದಿನಾ ಹೀಗೆ ಆಫ್ ಆನ್ ಆದ್ರೆ ಇಂಜಿನ್ ಹಾಳಾಗೋದಿಲ್ವಾ?"

ನಾನು ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವವಳು. ಮನೆ ಗೋಣಿಕೊಪ್ಪದಲ್ಲಿ. ಪೊನ್ನಂಪೇಟೆ, ವಿರಾಜಪೇಟೆ, ಅಮ್ಮತ್ತಿ, ಸಿದ್ದಾಪುರದ ಸುತ್ತಮುತ್ತ ಕೆಲಸ. ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇದ್ದು, ತೋಟದ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದಿರುವ ಹಿರಿಯರೇ ನನ್ನ ಹೆಚ್ಚಿನ ರೋಗಿಗಳು. ಮಂಡಿ ಆಪರೇಷನ್ ಆಗಿ ಮಂಚದ ಮೇಲಿದ್ದರೂ ಗೇಟಿಗೆ ಬಂದ ಗಾಡಿಯ ಸದ್ದಿನ ಮೇಲೆ ಅವರ ಗಮನ ಇದ್ದೇ ಇರುತ್ತದೆ. ಗೇಟು ತೆಗೆಯುವವರೆಗೆ ಕಾರು ನಿಂತಾಗ ಇಂಜಿನ್ ತಾನಾಗಿ ಆಫ್ ಆಗಿ, ಮತ್ತೆ ತಾನಾಗಿ ಸ್ಟಾರ್ಟ್ ಆಗುವುದನ್ನು ಕೇಳಿದವರೆಲ್ಲ ಈ ಪ್ರಶ್ನೆ ಕೇಳುತ್ತಾರೆ. ಬಾಯಿಮಾತಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನದು 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಐದು ಗೇರಿನ ಮ್ಯಾನುವಲ್. ಯಾವ ಕಂಪನಿ ಎಂಬುದು ಇಲ್ಲಿ ಬೇಡ. ಇದು ಕಾರಿನ ವಿಮರ್ಶೆ ಅಲ್ಲ, ಅದರೊಳಗಿನ ಸ್ಟಾರ್ಟ್-ಸ್ಟಾಪ್ ಎಂಬ ಒಂದು ವ್ಯವಸ್ಥೆಯ ವಿಮರ್ಶೆ, ಮತ್ತು ಮ್ಯಾನುವಲ್ ಕಾರುಗಳಲ್ಲಿ ಅದು ಹೆಚ್ಚುಕಡಿಮೆ ಒಂದೇ ರೀತಿ ನಡೆಯುತ್ತದೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಪೆಟ್ರೋಲ್ ಉಳಿಯುತ್ತದೆ ಎಂದು ಕೊಡಗಿನವರು ಇದಕ್ಕೆ ಆಸೆಪಡುವುದು ಬೇಡ, ಉಳಿತಾಯ ಅಷ್ಟಿಲ್ಲ. ಆದರೆ ಇದು ಕಲಿಸುವ ಒಂದು ಅಭ್ಯಾಸ ಎಡಗಾಲಿನ ಮಂಡಿಗೂ ಕಾರಿನ ಕ್ಲಚ್ಚಿಗೂ ತುಂಬಾ ಒಳ್ಳೆಯದು. ಅದೊಂದಕ್ಕಾಗಿಯೇ ನಾನು ಇದನ್ನು ಆನ್ ಇಟ್ಟುಕೊಂಡಿದ್ದೇನೆ.

ಕೆಲಸ ಮಾಡುವ ಬಗೆ ನೋಡೋಣ. ಗೋಣಿಕೊಪ್ಪದ ಭಾನುವಾರದ ಸಂತೆಯ ದಿನ ಮುಖ್ಯ ರಸ್ತೆಯಲ್ಲಿ ಮುಂದಿನ ಪಿಕಪ್ ಗಾಡಿ ಮೂಟೆ ಇಳಿಸುತ್ತಿದೆ, ನಾವು ಹಿಂದೆ ನಿಂತಿದ್ದೇವೆ ಎಂದುಕೊಳ್ಳಿ. ಬ್ರೇಕ್ ಒತ್ತಿ ಕಾರು ಪೂರ್ತಿ ನಿಲ್ಲಿಸಬೇಕು, ಗೇರು ನ್ಯೂಟ್ರಲ್‌ಗೆ ತರಬೇಕು, ಕ್ಲಚ್ಚಿನಿಂದ ಕಾಲು ಪೂರ್ತಿ ತೆಗೆಯಬೇಕು. ಕಾಲು ತೆಗೆದ ಕೂಡಲೇ ಒಂದು ಸಣ್ಣ ಅಲುಗಾಟ, ಇಂಜಿನ್ ನಿಲ್ಲುತ್ತದೆ, ಟ್ಯಾಕೋಮೀಟರಿನ ಮುಳ್ಳು ಕೆಳಗೆ ಬೀಳುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ವೃತ್ತಾಕಾರದ ಬಾಣದೊಳಗಿನ 'ಎ' ಗುರುತು ಬೆಳಗುತ್ತದೆ. ಫ್ಯಾನ್, ಹೆಡ್‌ಲೈಟ್, ರೇಡಿಯೋ ಎಲ್ಲ ನಡೆಯುತ್ತಲೇ ಇರುತ್ತವೆ. ಹೊರಡುವಾಗ ಕ್ಲಚ್ ಒತ್ತಿದರೆ ಸಾಕು, ಗೇರಿಗೆ ಕೈ ಹೋಗುವಷ್ಟರಲ್ಲಿ ಇಂಜಿನ್ ಓಡುತ್ತಿರುತ್ತದೆ. ಫಸ್ಟ್ ಗೇರಲ್ಲೇ ಕ್ಲಚ್ ಒತ್ತಿಕೊಂಡು ನಿಂತರೆ ಏನೂ ಆಗುವುದಿಲ್ಲ, ಇಂಜಿನ್ ಮಾಮೂಲಿಯಾಗಿ ಓಡುತ್ತಲೇ ಇರುತ್ತದೆ. ಆಟೋಮ್ಯಾಟಿಕ್ ಗೇರಿನ ಕಾರಿಗೂ ನಮ್ಮದಕ್ಕೂ ಇರುವ ದೊಡ್ಡ ವ್ಯತ್ಯಾಸವೇ ಇದು. ಅದರಲ್ಲಿ ಬ್ರೇಕ್ ಒತ್ತಿ ನಿಂತರೆ ಇಂಜಿನ್ ನಿಲ್ಲುತ್ತದೆ, ನಮ್ಮ ಮನಸ್ಸು ಕೇಳುವುದಿಲ್ಲ. ಮ್ಯಾನುವಲ್‌ನಲ್ಲಿ ಇಂಜಿನ್ ನಿಲ್ಲಬೇಕೋ ಬೇಡವೋ ಎಂಬುದು ನಮ್ಮ ಎಡಗಾಲಿನ ಕೈಯಲ್ಲೇ ಇರುತ್ತದೆ. ಸ್ವಲ್ಪ ದಿನ ಓಡಿಸಿದರೆ ಇದು ರೂಢಿಯಾಗಿ, ಇದನ್ನು ಆಫ್ ಮಾಡುವ ಬಟನ್ ಮುಟ್ಟುವ ಅಗತ್ಯವೇ ಕಡಿಮೆಯಾಗುತ್ತದೆ.

ಕಾಲು ತೆಗೆದ ಆ ಕ್ಷಣದಲ್ಲಿ ಒಳಗಿನ ಕಂಪ್ಯೂಟರ್ ಎಷ್ಟೊಂದು ವಿಷಯ ನೋಡುತ್ತದೆ ಎಂದು ತಿಳಿದಾಗ ನನಗೆ ನಿಜಕ್ಕೂ ಗೌರವ ಬಂತು. ಕ್ಲಚ್ ಪೆಡಲಿನ ಬುಡದ ಸ್ವಿಚ್ಚು ಕಾಲು ಪೂರ್ತಿ ಬಿಟ್ಟಿದೆಯೇ ಎಂದು ಹೇಳುತ್ತದೆ. ಗೇರ್‌ಬಾಕ್ಸಿನ ಮೇಲಿರುವ ನ್ಯೂಟ್ರಲ್ ಸೆನ್ಸರ್ ಗೇರು ನಿಜಕ್ಕೂ ನ್ಯೂಟ್ರಲ್‌ನಲ್ಲಿದೆಯೇ ಎಂದು ಹೇಳುತ್ತದೆ. ಚಕ್ರಗಳ ಸೆನ್ಸರು ಕಾರು ನಿಂತಿದೆ ಎನ್ನಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಇಂಜಿನ್ ಸಾಕಷ್ಟು ಬಿಸಿಯಾಗಿದೆಯೇ, ಬ್ಯಾಟರಿಯಲ್ಲಿ ಮತ್ತೆ ಸ್ಟಾರ್ಟ್ ಮಾಡುವಷ್ಟು ಚಾರ್ಜ್ ಇದೆಯೇ, ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಬೂಸ್ಟರಿನಲ್ಲಿ ವ್ಯಾಕ್ಯೂಮ್ (ಗಾಳಿ ಹೀರಿದ ಸೆಳೆತ) ಉಳಿದಿದೆಯೇ, ಚಾಲಕರು ಸೀಟ್ ಬೆಲ್ಟ್ ಹಾಕಿದ್ದಾರೆಯೇ, ಬಾಗಿಲು ಮತ್ತು ಬಾನೆಟ್ ಮುಚ್ಚಿವೆಯೇ, ಎಸಿ ಜೋರಾಗಿ ಬೇಕಾಗಿದೆಯೇ, ಮುಂದಿನ ಗಾಜಿನ ಮಂಜು ತೆಗೆಯುವ ಡಿಫಾಗರ್ ಹಾಕಿದ್ದಾರೆಯೇ, ಇಳಿಜಾರು ಹೆಚ್ಚಿದೆಯೇ. ಇದರಲ್ಲಿ ಒಂದು ಹೊಂದದಿದ್ದರೂ ಇಂಜಿನ್ ನಿಲ್ಲಿಸುವುದಿಲ್ಲ. ಎಲ್ಲ ಕಾರಿನಲ್ಲೂ ಈ ಎಲ್ಲವೂ ಇರುತ್ತವೆ ಅಂತಲ್ಲ, ಮಾದರಿಯಿಂದ ಮಾದರಿಗೆ ಸ್ವಲ್ಪ ಹೆಚ್ಚುಕಡಿಮೆ. ಆದರೆ "ಒಮ್ಮೊಮ್ಮೆ ಆಫ್ ಆಗ್ತದೆ, ಒಮ್ಮೊಮ್ಮೆ ಆಗೋದಿಲ್ಲ, ಕೆಟ್ಟಿದೆ" ಎಂದು ಸರ್ವಿಸ್ ಸೆಂಟರಿಗೆ ಹೋಗುವವರು ಮೊದಲು ಈ ಪಟ್ಟಿಯನ್ನು ನೆನಪಿಸಿಕೊಳ್ಳಬೇಕು. ಬಹಳ ಸಲ ಏನೂ ಕೆಟ್ಟಿರುವುದಿಲ್ಲ.

ಇನ್ನು ಮತ್ತೆ ಸ್ಟಾರ್ಟ್ ಆಗುವುದು. ಬೆಳಿಗ್ಗೆ ಕೀ ತಿರುಗಿಸಿದಾಗ ಇಂಜಿನ್ ಹಿಡಿಯಲು ಒಂದು ಕ್ಷಣ ಬೇಕು, ಇಲ್ಲಿ ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಆಗಿಬಿಡುತ್ತದೆ. ಇಂಜಿನ್ ಬಿಸಿ ಇರುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನನಗೆ ಬಹಳ ಇಷ್ಟವಾದದ್ದು. ಮಾಮೂಲಿ ಸ್ಟಾರ್ಟಿನಲ್ಲಿ ಯಾವ ಸಿಲಿಂಡರಿನ ಪಿಸ್ಟನ್ ಎಲ್ಲಿದೆ ಎಂದು ಕಂಪ್ಯೂಟರಿಗೆ ತಿಳಿದಿರುವುದಿಲ್ಲ. ಇಂಜಿನ್ ಸ್ವಲ್ಪ ತಿರುಗಿದ ಮೇಲೆ ಸೆನ್ಸರಿನಿಂದ ಜಾಗ ಗುರುತಿಸಿಕೊಂಡು ಆಮೇಲೆ ಪೆಟ್ರೋಲ್ ಬಿಡುತ್ತದೆ. ಸ್ಟಾರ್ಟ್-ಸ್ಟಾಪ್‌ನಲ್ಲಿ ಇಂಜಿನ್ ಎಲ್ಲಿ ನಿಂತಿತು ಎಂಬುದನ್ನು ಅದು ನೆನಪಿಟ್ಟುಕೊಂಡಿರುತ್ತದೆ. ಇಂಜಿನ್ ನಿಲ್ಲುವಾಗ ಒಳಗಿನ ಗಾಳಿಯ ಒತ್ತಡಕ್ಕೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಒಂದು ಚೂರು ಹಿಂದಕ್ಕೂ ತಿರುಗುತ್ತದೆ. ಮುಂದಕ್ಕೆಷ್ಟು ಹಿಂದಕ್ಕೆಷ್ಟು ಎಂದು ಲೆಕ್ಕ ಹಿಡಿಯುವ ಸೆನ್ಸರನ್ನೇ ಇಂಥ ಕಾರುಗಳಿಗೆ ಹಾಕಿರುತ್ತಾರೆ. ಹಾಗಾಗಿ ಕ್ಲಚ್ ಒತ್ತಿದ ಕೂಡಲೇ ಯಾವ ಸಿಲಿಂಡರಿಗೆ ಮೊದಲು ಪೆಟ್ರೋಲ್ ಬಿಡಬೇಕು ಎಂಬುದು ಆಗಲೇ ಗೊತ್ತಿರುತ್ತದೆ.

ಸ್ಟಾರ್ಟ್ ಮಾಡುವ ಮೋಟರಿನಲ್ಲಿ ಎರಡು ಬಗೆ. ನನ್ನ ಕಾರಿನದ್ದು ಹಳೆಯ ರೀತಿಯ ಸೆಲ್ಫ್ ಮೋಟರೇ, ಆದರೆ ಗಟ್ಟಿ ಮಾಡಿದ್ದು. ಹಲ್ಲು, ಬ್ರಷ್, ಬೇರಿಂಗ್ ಎಲ್ಲವೂ ಎಷ್ಟೋ ಪಟ್ಟು ಹೆಚ್ಚು ಸಲ ತಿರುಗಲು ತಯಾರಾದವು. ಪ್ರತಿ ಸಲ ಸಣ್ಣಗೆ 'ಕಿರ್ರ್' ಎಂಬ ಸದ್ದು ಕೇಳುತ್ತದೆ. ಇನ್ನೊಂದು ಬಗೆಯಲ್ಲಿ ನಾವು ಡೈನಮೋ ಎನ್ನುತ್ತೇವಲ್ಲ, ಅದೇ ಮೋಟರಾಗಿಯೂ ಕೆಲಸ ಮಾಡಿ ಬೆಲ್ಟಿನ ಮೂಲಕ ಇಂಜಿನ್ ತಿರುಗಿಸುತ್ತದೆ. ಅದರಲ್ಲಿ ಸೆಲ್ಫ್ ಸದ್ದೇ ಇಲ್ಲ. ಮಾರುತಿ ಸುಜುಕಿ 2015ರಲ್ಲಿ ಸಿಯಾಜ್ ಕಾರಿಗೆ ಎಸ್‌ಎಚ್‌ವಿಎಸ್ ಎಂಬ ಹೆಸರಲ್ಲಿ ತಂದದ್ದು ಈ ಬೆಲ್ಟಿನ ಬಗೆ. ನನ್ನ ರೋಗಿಯೊಬ್ಬರ ಮನೆಯಲ್ಲಿ ಈ ಬೆಲ್ಟಿನ ಬಗೆಯ ಕಾರೊಂದಿದೆ, ಒಮ್ಮೆ ವಿರಾಜಪೇಟೆಗೆ ಓಡಿಸಿಕೊಂಡು ಹೋಗಿದ್ದೆ. ಮತ್ತೆ ಸ್ಟಾರ್ಟ್ ಆದದ್ದು ಗೊತ್ತೇ ಆಗುವುದಿಲ್ಲ, ಅಷ್ಟು ನಯ. ಎರಡರಲ್ಲಿ ಆರಿಸಿಕೊಳ್ಳುವ ಅವಕಾಶವಿದ್ದರೆ ಬೆಲ್ಟಿನದ್ದನ್ನೇ ಆರಿಸಿ.

ಇದರ ಜೊತೆಗೆ ಬರುವ ಒಂದು ಉಪಕಾರವನ್ನು ಶೋರೂಮಿನವರು ಯಾರೂ ಹೇಳಲಿಲ್ಲ. ಏರಿನಲ್ಲಿ ಹೊರಡುವಾಗ ಕ್ಲಚ್ ಬೇಗ ಬಿಟ್ಟು ಇಂಜಿನ್ ಆಫ್ ಆದರೆ ಕೀಗೆ ಕೈ ಹಾಕಬೇಕಾಗಿಲ್ಲ. ಕ್ಲಚ್ ಪೂರ್ತಿ ಒತ್ತಿದರೆ ತಾನೇ ಮತ್ತೆ ಸ್ಟಾರ್ಟ್ ಆಗುತ್ತದೆ. ಸ್ಟಾರ್ಟ್-ಸ್ಟಾಪ್ ಇರುವ ಹಲವು ಮ್ಯಾನುವಲ್ ಕಾರುಗಳಲ್ಲಿ ಈ ಸೌಲಭ್ಯ ಇದೆ. ಹೊಸದಾಗಿ ಡ್ರೈವಿಂಗ್ ಕಲಿತವರು ಮಡಿಕೇರಿಯಲ್ಲಿ ರಾಜಾಸೀಟಿನ ಕಡೆ ಹತ್ತುವಾಗ ಹಿಂದೆ ಟೂರಿಸ್ಟ್ ಗಾಡಿಗಳ ಸಾಲು ಹಾರ್ನ್ ಹೊಡೆಯುತ್ತಿದ್ದರೆ ಇದು ಎಷ್ಟು ದೊಡ್ಡ ಆಸರೆ ಎಂದು ಗೊತ್ತಾಗುತ್ತದೆ.

ಈಗ ಮಂಡಿಯ ವಿಷಯ. ಇದು ನನ್ನ ಕಸುಬಿನ ಮಾತು, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನನ್ನ ಹತ್ತಿರ ಎಡ ಮಂಡಿ ನೋವು ಎಂದು ಬರುವ ಚಾಲಕರು ಬಹಳ. ಜೀಪಿನವರು, ಪಿಕಪ್ಪಿನವರು, ದಿನಾ ತೋಟಕ್ಕೂ ಪೇಟೆಗೂ ಓಡಾಡುವ ಬೆಳೆಗಾರರು. "ಗೇರು ಬದಲಿಸುವಾಗ ನೋವಾಗ್ತದಾ, ನಿಂತಾಗಲಾ?" ಎಂದು ಕೇಳಿದರೆ ಬಹುಪಾಲು ಜನ ನಿಂತಾಗ ಎನ್ನುತ್ತಾರೆ. ಏಕೆಂದರೆ ರಸ್ತೆಯಲ್ಲಿ ನಿಲ್ಲಬೇಕಾದಾಗ ಅವರು ಫಸ್ಟ್ ಗೇರಲ್ಲಿ ಹಾಕಿ ಕ್ಲಚ್ ಒತ್ತಿಕೊಂಡೇ ಕಾಯುತ್ತಾರೆ. ಗೇರು ಬದಲಿಸುವಾಗ ಕಾಲು ಒತ್ತಿ ಬಿಡುತ್ತದೆ, ಸ್ನಾಯುವಿಗೆ ರಕ್ತ ಓಡಾಡುತ್ತದೆ. ಒತ್ತಿಕೊಂಡೇ ಹಿಡಿದಾಗ ತೊಡೆಯ ಮುಂಭಾಗದ ಸ್ನಾಯು ಬಿಗಿಯಾಗಿಯೇ ಉಳಿಯುತ್ತದೆ. ಬಾಗಿದ ಮಂಡಿಯಲ್ಲಿ ಆ ಸ್ನಾಯು ಬಿಗಿದಷ್ಟೂ ಮಂಡಿಚಿಪ್ಪು ಒಳಗಿನ ಮೂಳೆಯ ಮೇಲೆ ಒತ್ತಿಕೊಳ್ಳುತ್ತದೆ. ಆಗಲೇ ಸವೆದ ಮಂಡಿಗೆ ಇದು ಬಹಳ ಕಷ್ಟ. ಮೀನಖಂಡ, ಸೊಂಟದ ಎಡಭಾಗ ಕೂಡ ಇದರ ಪಾಲು ಹೊರುತ್ತವೆ. ಕಾರಿನ ಕಡೆಯಿಂದ ನೋಡಿದರೂ ಅಷ್ಟೇ. ಪೆಡಲ್ ಒತ್ತಿಕೊಂಡಿರುವಷ್ಟು ಹೊತ್ತೂ ಕ್ಲಚ್ಚಿನ ರಿಲೀಸ್ ಬೇರಿಂಗ್ ಭಾರ ಹೊತ್ತು ತಿರುಗುತ್ತಿರುತ್ತದೆ. ಹಾಫ್ ಕ್ಲಚ್ಚಿನಲ್ಲಿ ಏರು ಹಿಡಿದು ನಿಂತರಂತೂ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುವುದು ನಮ್ಮ ಘಾಟಿಗಳಲ್ಲಿ ಹೊಸದೇನಲ್ಲ.

"ನಿಂತಾಗ ನ್ಯೂಟ್ರಲ್ ಮಾಡಿ, ಕಾಲು ತೆಗೀರಿ" ಎಂದು ನಾನು ಎಷ್ಟು ಹೇಳಿದರೂ ಯಾರೂ ಮಾಡುತ್ತಿರಲಿಲ್ಲ. ಅಭ್ಯಾಸ ಬಲವಾದದ್ದು. ಸ್ಟಾರ್ಟ್-ಸ್ಟಾಪ್ ಇರುವ ಕಾರು ಕೊಂಡ ಮೇಲೆ ಅದೇ ಜನ ತಾವಾಗಿ ಮಾಡುತ್ತಿದ್ದಾರೆ. ನ್ಯೂಟ್ರಲ್‌ಗೆ ತಂದು ಕಾಲು ತೆಗೆದರೆ ಮಾತ್ರ ಇಂಜಿನ್ ನಿಲ್ಲುತ್ತದೆ, ನಿಂತರೆ ಗಾಡಿಯೊಳಗೆ ಶಾಂತಿ ಆವರಿಸುತ್ತದೆ, ಪೆಟ್ರೋಲ್ ಉಳಿದ ಸಮಾಧಾನವೂ ಸಿಗುತ್ತದೆ. ಮಾಡಿದ ಕೆಲಸಕ್ಕೆ ಕೂಡಲೇ ಫಲ ಕಂಡರೆ ದೇಹ ಅದನ್ನು ಕಲಿಯುತ್ತದೆ. ಅಮ್ಮತ್ತಿ ಕಡೆಯ ಒಬ್ಬ ಅಂಕಲ್ ಎಡ ಮಂಡಿಯ ಸವೆತಕ್ಕೆ ವ್ಯಾಯಾಮ ಮಾಡುತ್ತಿದ್ದಾರೆ. ಹೊಸ ಕಾರಿನ ಮೇಲೆ ಅವರು ಹೇಳಿದ ಮಾತು ಇಷ್ಟೇ: "ಡಾಕ್ಟ್ರೇ, ಸಂತೆ ದಿನ ಮನೆಗೆ ಬಂದು ಕಾಲಿಗೆ ಎಣ್ಣೆ ಹಚ್ಚೋದು ತಪ್ಪಿದೆ." ಅವರ ಮಂಡಿ ಸುಧಾರಿಸಿದ್ದಕ್ಕೆ ವ್ಯಾಯಾಮದ ಪಾಲು ದೊಡ್ಡದು, ಅದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೆ ದಿನಾ ನೋಯಿಸುವ ಕಾರಣ ಒಂದು ಕಡಿಮೆಯಾಯಿತಲ್ಲ. ಇದರ ಜೊತೆ ಸೀಟನ್ನೂ ಸರಿಮಾಡಿಕೊಳ್ಳಿ. ಕ್ಲಚ್ ತಳದವರೆಗೆ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು, ಸೊಂಟ ಸೀಟಿನಿಂದ ಮುಂದೆ ಜಾರಬಾರದು.

ಪೆಟ್ರೋಲ್ ಲೆಕ್ಕ ಮಾಡೋಣ. ಇಂಥ ಸಣ್ಣ ಪೆಟ್ರೋಲ್ ಇಂಜಿನ್ ಸುಮ್ಮನೆ ನಿಂತು ಓಡುವಾಗ ಗಂಟೆಗೆ ಸುಮಾರು ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್ ಕುಡಿಯುತ್ತದೆ. ಅಂದರೆ ನಿಮಿಷಕ್ಕೆ 10 ಮಿಲಿಲೀಟರ್ ಆಸುಪಾಸು. ದಿನಕ್ಕೆ ಹತ್ತು ನಿಮಿಷ ಇಂಜಿನ್ ನಿಂತಿದ್ದರೆ 100 ಮಿಲಿಲೀಟರ್, ತಿಂಗಳಿಗೆ ಮೂರು ಲೀಟರ್. ಬೆಂಗಳೂರಿನಲ್ಲಿ ದಿನಾ ಸಿಗ್ನಲ್‌ಗಳಲ್ಲಿ ಕಾಯುವವರಿಗೆ ಇದು ಸಿಗುವ ಉಳಿತಾಯವೇ. ನಮ್ಮಲ್ಲಿ ಹತ್ತು ನಿಮಿಷ ಎಲ್ಲಿ ನಿಲ್ಲುತ್ತೇವೆ? ಹೆಜ್ಜೆಗೊಂದು ಸಿಗ್ನಲ್ ಇಲ್ಲ, ಜಿಲ್ಲೆಯಲ್ಲಿ ರೈಲೇ ಇಲ್ಲದ ಮೇಲೆ ರೈಲ್ವೆ ಗೇಟೂ ಇಲ್ಲ. ನನ್ನ ಕಾರಿನ ಡಿಸ್‌ಪ್ಲೇಯಲ್ಲಿ ಎಷ್ಟು ಹೊತ್ತು ಇಂಜಿನ್ ನಿಂತಿತ್ತು, ಎಷ್ಟು ಮಿಲಿಲೀಟರ್ ಉಳಿಯಿತು ಎಂದು ತೋರಿಸುತ್ತದೆ. ಗೋಣಿಕೊಪ್ಪದಿಂದ ಪೊನ್ನಂಪೇಟೆ, ಅಲ್ಲಿಂದ ಯಾವುದೋ ತೋಟ ಎಂದು ಓಡಾಡಿದ ದಿನ ಆ ಅಂಕಿ ಅಲ್ಲಾಡುವುದೇ ಇಲ್ಲ. ಮೈಸೂರಿಗೆ ಹೋದ ದಿನ ಹುಣಸೂರು ರಸ್ತೆಯ ಸಿಗ್ನಲ್‌ಗಳಲ್ಲಿ ಸರಸರನೆ ಏರುತ್ತದೆ. ಇನ್ನೊಂದು ಮಾತು, ಹತ್ತು ಸೆಕೆಂಡಿಗಿಂತ ಕಡಿಮೆ ನಿಲ್ಲುವುದಾದರೆ ಇಂಜಿನ್ ಆಫ್ ಮಾಡಿ ಆನ್ ಮಾಡುವುದರಿಂದ ಹೇಳಿಕೊಳ್ಳುವ ಲಾಭ ಇಲ್ಲ. ಮುಂದಿನ ಗಾಡಿ ಇಂಚಿಂಚು ಸರಿಯುತ್ತಿದ್ದರೆ ಗೇರಲ್ಲೇ ಇರಿ.

ಹಾಗಿದ್ದರೆ ಕಂಪನಿಗಳು ಇದನ್ನು ಬಟನ್ ಒತ್ತಿ ಪೂರ್ತಿ ಮರೆಯಲು ಬಿಡದೆ, ಪ್ರತಿ ಸಲ ಕೀ ತಿರುಗಿಸಿದಾಗಲೂ ಮತ್ತೆ ಆನ್ ಆಗುವಂತೆ ಯಾಕೆ ಮಾಡಿವೆ? ನಿಯಮದ ಕಾರಣಕ್ಕೆ. ಭಾರತದಲ್ಲಿ ಒಂದು ಕಂಪನಿ ಮಾರುವ ಎಲ್ಲ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್ ಇಷ್ಟೇ ಇರಬೇಕು ಎಂಬ ಕೆಫೆ ನಿಯಮವಿದೆ. 2017-18ರಿಂದ ಕಿಲೋಮೀಟರಿಗೆ 130 ಗ್ರಾಂ ಇದ್ದ ಗುರಿ, 2022-23ರಿಂದ 113 ಗ್ರಾಂಗೆ ಇಳಿಯಿತು. ಕಾರನ್ನು ಪ್ರಯೋಗಾಲಯದಲ್ಲಿ ಓಡಿಸಿ ಅಳೆಯುವ ಪರೀಕ್ಷೆಯಲ್ಲಿ ಸುಮ್ಮನೆ ನಿಲ್ಲುವ ಹೊತ್ತೂ ಒಳ್ಳೆಯ ಪಾಲು ಇರುತ್ತದೆ. ಆ ಹೊತ್ತಲ್ಲಿ ಇಂಜಿನ್ ನಿಂತರೆ ಅಂಕಿ ಕೆಳಗಿಳಿಯುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ ಎಂದು ನೆನೆದರೆ, ಲಕ್ಷಾಂತರ ಕಾರುಗಳ ಒಟ್ಟು ಲೆಕ್ಕದಲ್ಲಿ ಇದು ಸಣ್ಣ ವಿಷಯ ಅಲ್ಲ ಎಂದು ನಾನೂ ಒಪ್ಪುತ್ತೇನೆ. ಗುಡ್ಡಗಳೇ ಕುಸಿದ 2018ರ ಮಳೆಗಾಲ ಕಂಡ ನಮಗೆ ಆ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ.

ನಮ್ಮ ರಸ್ತೆಗಳಲ್ಲಿ ಇದು ಹೇಗೆ ನಡೆದುಕೊಳ್ಳುತ್ತದೆ ನೋಡಿ. ಮಳೆಗಾಲದಲ್ಲಿ, ಜೂನಿನಿಂದ ಸೆಪ್ಟೆಂಬರ್ ತನಕ, ಹೆಚ್ಚುಕಡಿಮೆ ರಜೆಯಲ್ಲೇ ಇರುತ್ತದೆ. ಗಾಜಿನ ಒಳಗೆ ಮಂಜು ಕಟ್ಟುವುದರಿಂದ ಡಿಫಾಗರ್ ಹಾಕಲೇಬೇಕು, ಡಿಫಾಗರ್ ಹಾಕಿದರೆ ಎಸಿ ಕಂಪ್ರೆಸರ್ ಓಡಬೇಕು, ಕಂಪ್ರೆಸರ್ ಓಡಲು ಇಂಜಿನ್ ಬೇಕು. ಹಾಗಾಗಿ ಅದು ನಿಲ್ಲಿಸುವುದೇ ಇಲ್ಲ, ನಿಲ್ಲಿಸದಿರುವುದೇ ಸರಿ. ಡಿಸೆಂಬರ್, ಜನವರಿಯ ಬೆಳಗಿನ ಚಳಿಯಲ್ಲಿ ಇಂಜಿನ್ ಬಿಸಿಯಾಗುವಷ್ಟರಲ್ಲಿ ನಾನು ಮೊದಲ ಮನೆ ತಲುಪಿರುತ್ತೇನೆ, ಆಗಲೂ ಕೆಲಸ ಮಾಡುವುದಿಲ್ಲ. ಚೆನ್ನಾಗಿ ನಡೆಯುವುದು ಅಕ್ಟೋಬರಿನ ನಂತರದ ಒಣ ದಿನಗಳಲ್ಲಿ, ಮಧ್ಯಾಹ್ನದ ಓಡಾಟದಲ್ಲಿ. ನಮ್ಮ ಹವೆಗೆ ಎಸಿ ಬೇಕಾಗುವುದಿಲ್ಲವಾದ್ದರಿಂದ ಎಸಿಗಾಗಿ ಇಂಜಿನ್ ತಾನಾಗಿ ಏಳುವುದಿಲ್ಲ. ಅದೇ ಸಂಪಾಜೆ ಇಳಿದು ಸುಳ್ಯ, ಪುತ್ತೂರು ದಾಟಿ ಮಂಗಳೂರಿಗೆ ಹೋದರೆ ಕಥೆಯೇ ಬೇರೆ. ಅಲ್ಲಿನ ಸೆಕೆಗೆ ಗಾಡಿಯೊಳಗೆ ಬೇಗ ಬಿಸಿಯೇರುತ್ತದೆ, ಇಂಜಿನ್ ನಿಂತು ಸ್ವಲ್ಪ ಹೊತ್ತಿಗೇ ನಾವು ಏನೂ ಮಾಡದಿದ್ದರೂ ತಾನೇ ಸ್ಟಾರ್ಟ್ ಆಗುತ್ತದೆ. ಮೊದಲ ಸಲ ನೋಡಿದವರು ಗಾಬರಿಯಾಗಬೇಡಿ. ಗೇರು ನ್ಯೂಟ್ರಲ್‌ನಲ್ಲಿದೆ ಎಂದು ಖಾತ್ರಿ ಇದ್ದರೆ ಮಾತ್ರ ಅದು ಹಾಗೆ ಮಾಡುತ್ತದೆ.

ಇದು ನಿಜವಾಗಿ ಬೆಲೆ ಕಟ್ಟಿಸಿಕೊಳ್ಳುವ ಜಾಗ ಮಡಿಕೇರಿ–ಸಂಪಾಜೆ ರಸ್ತೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದ ಮೇಲೆ ಆ ದಾರಿಯಲ್ಲಿ ತಡೆಗೋಡೆ, ರಸ್ತೆ ದುರಸ್ತಿ ಎಂದು ಒಂದು ಕಡೆಯ ಗಾಡಿಗಳನ್ನು ನಿಲ್ಲಿಸಿ ಇನ್ನೊಂದು ಕಡೆಯವರನ್ನು ಬಿಡುವುದು ನಮಗೆ ರೂಢಿಯಾಗಿದೆ. ಬಾವುಟ ಹಿಡಿದವರು ಕೈ ಬೀಸುವವರೆಗೆ ಸಾಲಾಗಿ ನಿಲ್ಲಬೇಕು. ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ, ಕಾಲು ಬಿಟ್ಟರೆ ಇಂಜಿನ್ ನಿಲ್ಲುತ್ತದೆ, ಎದುರು ಬರುವ ಲಾರಿಗಳು ಹಾದುಹೋಗುವುದನ್ನು ನೋಡುತ್ತಾ ಕಾಲು ಚಾಚಿ ಕೂರಬಹುದು. ಜಾಗ ತೀರಾ ಇಳಿಜಾರಾಗಿದ್ದರೆ ನಿಲ್ಲಿಸುವುದಿಲ್ಲ. ವಿಜಯದಶಮಿಯ ರಾತ್ರಿ ದಸರಾ ಮೆರವಣಿಗೆಯ ದಶಮಂಟಪ ನೋಡಲು ಮಡಿಕೇರಿಗೆ ಹೋಗುವವರಿಗೆ, ತುಲಾ ಸಂಕ್ರಮಣದಲ್ಲಿ ತಲಕಾವೇರಿಗೆ ಹೊರಟು ಭಾಗಮಂಡಲದ ಸಾಲಿನಲ್ಲಿ ನಿಲ್ಲುವವರಿಗೆ ಕೂಡ ಇದೇ ಮಾತು.

ಇಳಿಜಾರಿನ ಬಗ್ಗೆ ಒಂದು ಎಚ್ಚರಿಕೆ. ಇಂಜಿನ್ ನಿಂತಾಗ ಬ್ರೇಕ್ ಬೂಸ್ಟರಿಗೆ ಹೊಸ ವ್ಯಾಕ್ಯೂಮ್ ಸಿಗುವುದಿಲ್ಲ, ಒಳಗೆ ಉಳಿದದ್ದರಲ್ಲಿ ಕೆಲವೇ ಸಲ ಬ್ರೇಕನ್ನು ಹಗುರವಾಗಿ ಒತ್ತಬಹುದು. ಪದೇಪದೇ ಬ್ರೇಕ್ ಒತ್ತಿ ಬಿಟ್ಟರೆ ವ್ಯಾಕ್ಯೂಮ್ ಇಳಿದು ಇಂಜಿನ್ ತಾನಾಗಿ ಏಳುತ್ತದೆ. ಆದ್ದರಿಂದ ಇಳಿಜಾರಿನಲ್ಲಿ ಕಾಲಿನ ಬ್ರೇಕನ್ನೇ ನಂಬಿ ನಿಲ್ಲಬೇಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಮಾಕುಟ್ಟ ಘಾಟಿಯಲ್ಲಿ ನ್ಯೂಟ್ರಲ್ ಮಾಡಿ ಇಳಿಯುವ ಕೆಟ್ಟ ಚಾಳಿ ಕೆಲವರಿಗಿದೆ. ಸ್ಟಾರ್ಟ್-ಸ್ಟಾಪ್ ಇದ್ದರೂ ಇಲ್ಲದಿದ್ದರೂ ಅದು ಪ್ರಾಣಕ್ಕೆ ಕುತ್ತು, ದಯವಿಟ್ಟು ಬೇಡ.

ಆನೆ ವಿಷಯ ಹೇಳದೆ ಕೊಡಗಿನ ರಸ್ತೆಯ ಮಾತು ಮುಗಿಯುವುದಿಲ್ಲ. ತಿತಿಮತಿ ಕಡೆ, ಮಾಲ್ದಾರೆ–ಸಿದ್ದಾಪುರ ಕಡೆ ಸಂಜೆ ತಿರುವಿನಲ್ಲಿ ಆನೆ ನಿಂತಿರಬಹುದು. ಅಂಥ ಹೊತ್ತಲ್ಲಿ ನನಗೆ ಇಂಜಿನ್ ಓಡುತ್ತಲೇ ಇರಬೇಕು. ಆ ಭಾಗಕ್ಕೆ ಹೊಕ್ಕುವ ಮೊದಲೇ ನಾನು ಬಟನ್ ಒತ್ತಿ ಆಫ್ ಮಾಡುತ್ತೇನೆ. ಮರೆತರೂ ತೊಂದರೆ ಇಲ್ಲ, ದೂರದಲ್ಲೇ ನಿಲ್ಲಿಸಿ ರಿವರ್ಸ್ ಗೇರ್ ಹಾಕಿ ಕ್ಲಚ್ ಒತ್ತಿಕೊಂಡರೆ ಇಂಜಿನ್ ನಿಲ್ಲುವುದಿಲ್ಲ. ಎಡ ಮಂಡಿಗೆ ಆಗ ಸ್ವಲ್ಪ ಕಷ್ಟ ಕೊಟ್ಟರೂ ಪರವಾಗಿಲ್ಲ.

ಇಂಜಿನ್ ಹಾಳಾಗುತ್ತದೆಯೇ ಎಂಬ ಮೊದಲ ಪ್ರಶ್ನೆಗೆ ಬರುತ್ತೇನೆ. ಇಂಜಿನ್ ಹೆಚ್ಚು ಸವೆಯುವುದು ರಾತ್ರಿಯಿಡೀ ನಿಂತು ಆಯಿಲ್ ಕೆಳಗಿಳಿದು ತಣ್ಣಗಾದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ. ತಣ್ಣಗಿರುವಾಗ ಈ ವ್ಯವಸ್ಥೆ ಇಂಜಿನ್ ಮುಟ್ಟುವುದೇ ಇಲ್ಲ. ಬಿಸಿ ಇಂಜಿನ್ ಒಂದೆರಡು ನಿಮಿಷ ನಿಂತರೆ ಬೇರಿಂಗಿನ ಮೇಲಿನ ಆಯಿಲ್ ಪದರ ಒಣಗುವುದಿಲ್ಲ. ಆದರೂ ಸಲಸಲಕ್ಕೂ ನಿಂತು ಏಳುವ ಕ್ರ್ಯಾಂಕಿಗೆ ಎಂದು ಹಲವು ಕಂಪನಿಗಳು ವಿಶೇಷ ಲೇಪನದ ಬೇರಿಂಗ್ ಹಾಕುತ್ತವೆ. ಕಂಪನಿ ಹೇಳಿದ ಗ್ರೇಡಿನ ಆಯಿಲನ್ನೇ ಹೊತ್ತಿಗೆ ಸರಿಯಾಗಿ ಬದಲಿಸಿದರೆ ಈ ಚಿಂತೆ ಬೇಡ. ಟರ್ಬೊ ಇರುವ ಕಾರಿನವರಿಗೆ ಮಾತ್ರ ಒಂದು ಸಲಹೆ ಇದೆ. ಘಾಟಿ ಜೋರಾಗಿ ಹತ್ತಿ ಬಂದು ನಿಲ್ಲಿಸುವಾಗ ಸ್ಟಾರ್ಟ್-ಸ್ಟಾಪ್ ಆಫ್ ಮಾಡಿ ಅರ್ಧ ನಿಮಿಷ ಇಂಜಿನ್ ಓಡಲು ಬಿಡಿ. ಕಾದ ಟರ್ಬೊಗೆ ಆಯಿಲ್ ಹರಿದು ತಣಿಯಲು ಆ ಹೊತ್ತು ಬೇಕು. ಟರ್ಬೊ ಬಿಸಿ ಇದ್ದರೆ ತಾವಾಗಿ ನಿಲ್ಲಿಸದ ಕಾರುಗಳೂ ಇವೆ, ಆದರೂ ನಮ್ಮ ಎಚ್ಚರ ನಮಗಿರಲಿ.

ನನ್ನ ಮಟ್ಟಿಗೆ ಇದರ ನಿಜವಾದ ದೋಷ ಬ್ಯಾಟರಿಯ ಖರ್ಚು. ಮಾಮೂಲಿ ಬ್ಯಾಟರಿ ಇಷ್ಟು ಸಲ ಇಳಿದು ಏರುವುದನ್ನು ತಾಳುವುದಿಲ್ಲ. ಇದಕ್ಕೆ ಇಎಫ್‌ಬಿ ಅಥವಾ ಎಜಿಎಂ ಬಗೆಯದ್ದು ಬೇಕು, ಬೆಲೆ ಎದ್ದು ಕಾಣುವಷ್ಟು ಹೆಚ್ಚು. ನಮ್ಮಂಥ ಗಿಡ್ಡ ಓಡಾಟದಲ್ಲಿ ಅದು ಪೂರ್ತಿ ಚಾರ್ಜ್ ಆಗುವುದೂ ಕಷ್ಟ. ಐದಾರು ಕಿಲೋಮೀಟರ್ ಓಡಿ ಒಂದು ಗಂಟೆ ನಿಂತು ಮತ್ತೆ ಐದಾರು ಕಿಲೋಮೀಟರ್ ಓಡಿದರೆ ಸ್ಟಾರ್ಟಿಗೆ ಹೋದದ್ದು ಪೂರ್ತಿ ವಾಪಸ್ ಬರದೆ ಇರಬಹುದು. ಬ್ಯಾಟರಿಯ ಮೈನಸ್ ತುದಿಯಲ್ಲಿ ಕೂತಿರುವ ಸೆನ್ಸರು ಒಳಗೆ ಹೋದ ಕರೆಂಟು, ಹೊರಗೆ ಬಂದ ಕರೆಂಟು ಎರಡನ್ನೂ ಲೆಕ್ಕವಿಟ್ಟು, ಚಾರ್ಜ್ ಕಡಿಮೆ ಇದ್ದರೆ ಸ್ಟಾರ್ಟ್-ಸ್ಟಾಪ್ ಬಂದ್ ಮಾಡುತ್ತದೆ. ನನ್ನ ಕಾರಿನಲ್ಲಿ ಹೀಗೆ ದಿನಗಟ್ಟಲೆ ಕೆಲಸ ಮಾಡದಿದ್ದಾಗ ಮೈಸೂರಿಗೆ ಒಮ್ಮೆ ಹೋಗಿ ಬಂದರೆ ಸರಿಯಾಗುತ್ತದೆ.

ನಮ್ಮೂರ ಮೆಕ್ಯಾನಿಕ್ ಅಣ್ಣನನ್ನು ಕೇಳಿದೆ, ಮುಂದೆ ಬದಲಿಸುವಾಗ ಮಾಮೂಲಿ ಬ್ಯಾಟರಿ ಹಾಕಬಹುದೇ ಎಂದು. "ಹಾಕಬಹುದು ಮೇಡಂ, ಗಾಡಿ ಸ್ಟಾರ್ಟ್ ಆಗ್ತದೆ. ಆದ್ರೆ ಸ್ಟಾರ್ಟ್-ಸ್ಟಾಪ್ ಆನ್ ಇಟ್ಕೊಂಡ್ರೆ ಬೇಗ ಮತ್ತೆ ನನ್ನ ಹತ್ರಾನೇ ಬರ್ತೀರಿ" ಎಂದ. ಸರಿಯಾದ ಮಾತು. ಅಂಗಡಿಯಲ್ಲಿ ಬ್ಯಾಟರಿಯ ಮೇಲೆ ಇಎಫ್‌ಬಿ ಅಥವಾ ಎಜಿಎಂ ಎಂದು ಬರೆದಿರುವುದನ್ನು ಕಣ್ಣಾರೆ ನೋಡಿ ಕೊಳ್ಳಿ, ಹೊಸ ಬ್ಯಾಟರಿ ಹಾಕಿದ್ದನ್ನು ಕಂಪ್ಯೂಟರಿಗೆ ತಿಳಿಸಬೇಕಾದ ಕಾರಾದರೆ ಅದನ್ನೂ ಮಾಡಿಸಿ. ತೋಟದ ಮನೆಯಲ್ಲಿ ಬ್ಯಾಟರಿ ಇಳಿದು ಬೇರೆ ಗಾಡಿಯಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡುವಾಗ ಕಪ್ಪು ಕ್ಲಿಪ್ಪನ್ನು ಇಳಿದ ಬ್ಯಾಟರಿಯ ಮೈನಸ್ ತುದಿಗೆ ಕಚ್ಚಿಸಬೇಡಿ, ಇಂಜಿನ್ನಿನ ಅಥವಾ ಬಾಡಿಯ ಬರಿ ಲೋಹಕ್ಕೆ ಕಚ್ಚಿಸಿ. ಇಲ್ಲದಿದ್ದರೆ ಆ ಸೆನ್ಸರಿನ ಲೆಕ್ಕಕ್ಕೆ ಈ ಕರೆಂಟು ಸಿಗುವುದಿಲ್ಲ.

ಮನೆಯಲ್ಲಿ ವಯಸ್ಸಾದವರು ಓಡಿಸುವುದಾದರೆ ಇದನ್ನು ಅವರಿಗೆ ಬಿಡಿಸಿ ಹೇಳಿ: ಇಂಜಿ‌ನ್ ಸದ್ದು ಇಲ್ಲ ಎಂದ ಮಾತ್ರಕ್ಕೆ ಕಾರು ಆಫ್ ಆಗಿಲ್ಲ. ಅಂಗಳಕ್ಕೆ ಬಂದು ನ್ಯೂಟ್ರಲ್ ಮಾಡಿ ಕಾಲು ತೆಗೆದಾಗಲೇ ಸದ್ದು ನಿಂತಿರುತ್ತದೆ, ಕೀ ಮಾತ್ರ ಆನ್ ಇರುತ್ತದೆ. ಬೆಲ್ಟ್ ಬಿಚ್ಚಿ ಬಾಗಿಲು ತೆಗೆದರೆ ಕಾರು ಎಚ್ಚರಿಸುತ್ತದೆ, ಆದರೂ ಕೀ ತಿರುಗಿಸಿ, ಗೇರಲ್ಲಿ ಹಾಕಿ, ಹ್ಯಾಂಡ್ ಬ್ರೇಕ್ ಎಳೆದೇ ಇಳಿಯುವ ಕ್ರಮ ತಪ್ಪಬಾರದು. ಬಾನೆಟ್ ತೆಗೆಯುವ ಮೊದಲಂತೂ ಕೀ ಆಫ್ ಮಾಡಲೇಬೇಕು.

ಕೊಳ್ಳುವ ಯೋಚನೆಯಲ್ಲಿರುವವರು ಟೆಸ್ಟ್ ಡ್ರೈವ್‌ನಲ್ಲಿ ಇದನ್ನು ಸರಿಯಾಗಿ ನೋಡಿ. ಹತ್ತು ಹದಿನೈದು ನಿಮಿಷ ಓಡಿಸಿ ಇಂಜಿನ್ ಬಿಸಿಯಾದ ಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಆಮೇಲೆ ಸಣ್ಣ ಏರಿನಲ್ಲಿ ನಿಲ್ಲಿಸಿ. ಕ್ಲಚ್ ಒತ್ತಿದಾಗ ಪೆಡಲ್ ಎಷ್ಟು ಒಳಗೆ ಹೋದ ಮೇಲೆ ಇಂಜಿನ್ ಏಳುತ್ತದೆ ಎಂದು ಕಾಲಲ್ಲೇ ಗಮನಿಸಿ. ಸ್ವಲ್ಪ ಒತ್ತಿದ ಕೂಡಲೇ ಎದ್ದರೆ ಒಳ್ಳೆಯದು, ತಳದವರೆಗೆ ಹೋಗಬೇಕಾದರೆ ಪೇಟೆಯ ಓಡಾಟದಲ್ಲಿ ನಿಧಾನ ಎನ್ನಿಸುತ್ತದೆ. ಆಫ್ ಮಾಡುವ ಬಟನ್ ನೋಡದೆ ಕೈಗೆ ಸಿಗುವಂತಿದೆಯೇ ಎಂದೂ ನೋಡಿ. ತೋರಿಸಲು ಬಂದವರು "ಅದೆಲ್ಲ ಬೇಡ ಬಿಡಿ" ಎಂದು ಮೊದಲೇ ಬಟನ್ ಒತ್ತಿ ಆಫ್ ಮಾಡಿದ್ದರೆ, ಆನ್ ಮಾಡಿಸಿಕೊಂಡು ಓಡಿಸಿ.